ಪರೀಕ್ಷೆಯ ಅಧಿಕಾರ ಯಾರದು? ಭಾರತದ ಸಂಯೋಜನಾ ವ್ಯವಸ್ಥೆ ಮತ್ತು ಕ್ರೈಸ್ತ ಉನ್ನತ ಶಿಕ್ಷಣ

ಪೀಠಿಕೆ

ಹೂಗ್ಲಿ ನದಿಯ ದಂಡೆಯ ಮೇಲಿರುವ ಸೆರಾಂಪುರ ಕಾಲೇಜಿನ ಒಂದೇ ಆವರಣದಲ್ಲಿ ಎರಡು ಬಗೆಯ ವಿದ್ಯಾರ್ಥಿಗಳು ಓದುತ್ತಾರೆ. ಕಲಾ, ವಿಜ್ಞಾನ ಮೊದಲಾದ ವಿಷಯಗಳನ್ನು ಓದುವವರಿಗೆ ಪದವಿ ನೀಡುವುದು ಕಲ್ಕತ್ತಾ ವಿಶ್ವವಿದ್ಯಾಲಯ. ದೇವಶಾಸ್ತ್ರವನ್ನು ಓದುವವರಿಗೆ ಪದವಿ ನೀಡುವುದು ಸೆರಾಂಪುರದ್ದೇ ಆದ ಸೆನೆಟ್. ಒಂದೇ ಸಂಸ್ಥೆ ಒಂದು ಭಾಗದಲ್ಲಿ ಇನ್ನೊಬ್ಬರ ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸುವ ಸಂಯೋಜಿತ ಕಾಲೇಜು. ಇನ್ನೊಂದು ಭಾಗದಲ್ಲಿ ದೇಶದ ಹತ್ತಾರು ಸೆಮಿನರಿಗಳಿಗೆ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯ. ಈ ಲೇಖನವನ್ನು ಓದುವವರಲ್ಲಿ ಅನೇಕರ ಪದವಿ ಪತ್ರದ ಮೇಲೆ ಆ ಸೆನೆಟಿನ ಮುದ್ರೆ ಇದೆ. ಆದರೂ ಒಂದೇ ಆವರಣದಲ್ಲಿ ಎರಡು ವ್ಯವಸ್ಥೆಗಳು ಹೇಗೆ ಬಂದವೆಂದು ನಾವು ಕೇಳಿಕೊಳ್ಳುವುದು ವಿರಳ.

ಈಗ ಆ ಪ್ರಶ್ನೆಯನ್ನು ಕೇಳಲು ಕಾರಣವಿದೆ. 2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯು ಕಾಲೇಜುಗಳ ಸಂಯೋಜನಾ ವ್ಯವಸ್ಥೆಯನ್ನು ಹದಿನೈದು ವರ್ಷಗಳಲ್ಲಿ ಹಂತಹಂತವಾಗಿ ಕೈಬಿಡಬೇಕೆಂದು ಹೇಳಿತು. ನೀತಿಯ ಇತರ ಅಂಶಗಳ ಬಗ್ಗೆ ರಾಜ್ಯ ರಾಜ್ಯಗಳಲ್ಲಿ ಭಿನ್ನಾಭಿಪ್ರಾಯವಿದೆ. ಕರ್ನಾಟಕವು 2021ರಲ್ಲಿ ಅದನ್ನು ಜಾರಿಗೆ ತಂದ ರಾಜ್ಯಗಳಲ್ಲಿ ಮೊದಲನೆಯದಾಗಿದ್ದು, 2023ರಲ್ಲಿ ಹಿಂದೆ ಸರಿದು ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗವನ್ನು ನೇಮಿಸಿತು. ಆದರೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಭಾರತದ ಉನ್ನತ ಶಿಕ್ಷಣಕ್ಕೆ ಆಧಾರವಾಗಿದ್ದ ಒಂದು ರಚನೆ ಈಗ ಪ್ರಶ್ನೆಗೆ ಒಳಗಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆ ರಚನೆಯನ್ನು ಸಭೆಯ ಕಾಲೇಜುಗಳು ಹೇಗೆ ಒಪ್ಪಿಕೊಂಡವು, ಅದರಿಂದ ಪಡೆದುದೇನು, ಬಿಟ್ಟುಕೊಟ್ಟದ್ದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪರೀಕ್ಷೆ ಯಾರ ಕೈಯಲ್ಲಿರುತ್ತದೆಯೋ ಪಾಠವೂ ಕ್ರಮೇಣ ಅವರ ಕೈಗೆ ಹೋಗುತ್ತದೆ ಎಂಬುದು ಈ ಚರಿತ್ರೆಯಿಂದ ಹೊರಡುವ ಮುಖ್ಯ ಮಾತು. ಈ ಮಾತು ಸರಕಾರಕ್ಕೆ ಅನ್ವಯಿಸುವಂತೆಯೇ ನಮ್ಮ ಸೆನೆಟಿಗೂ ನಮ್ಮ ಸೆಮಿನರಿಗಳಿಗೂ ಅನ್ವಯಿಸುತ್ತದೆ.

1. ಸಂಯೋಜನೆಗೆ ಮುಂಚಿನ ಎರಡು ಮಾದರಿಗಳು

ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ 1818ರಲ್ಲಿ ಸೆರಾಂಪುರ ಕಾಲೇಜನ್ನು ಸ್ಥಾಪಿಸಿದರು. ಕ್ರೈಸ್ತ ಯುವಕರಿಗೂ ಇತರರಿಗೂ ಪೌರಸ್ತ್ಯ ಸಾಹಿತ್ಯವನ್ನೂ ಯುರೋಪಿನ ವಿಜ್ಞಾನವನ್ನೂ ಕಲಿಸುವುದು ಅವರ ಯೋಜನೆಯಾಗಿತ್ತು. ಸಂಸ್ಕೃತಕ್ಕೆ ಅದರಲ್ಲಿ ಗೌರವದ ಸ್ಥಾನವಿತ್ತು. ಹೊಸ ವಿಜ್ಞಾನವನ್ನು ದೇಶಭಾಷೆಯಲ್ಲಿ ಕಲಿಸಬೇಕೆಂಬುದು ಅವರ ನಿಲುವಾಗಿತ್ತು. ಸುವಾರ್ತೆಯನ್ನು ಸಾರುವವನು ತನ್ನ ಜನರ ಶಾಸ್ತ್ರಗಳನ್ನೂ ಭಾಷೆಯನ್ನೂ ಅರಿಯದೆ ಇರಬಾರದೆಂಬ ನಂಬಿಕೆ ಅದರ ಹಿಂದೆ ಇತ್ತು. ಆ ಊರು ಆಗ ಡೇನಿಷರ ವಸಾಹತು. ಮಾರ್ಷ್‌ಮನ್ ಯುರೋಪಿಗೆ ಹೋಗಿ ಮಾಡಿದ ಬಿನ್ನಹದ ಫಲವಾಗಿ, 1827ರ ಫೆಬ್ರವರಿ 23ರಂದು ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ಕಾಲೇಜಿಗೆ ರಾಜಸನ್ನದು ನೀಡಿ, ಪದವಿ ಕೊಡುವ ಅಧಿಕಾರವನ್ನು ಅನುಗ್ರಹಿಸಿದನು. ಕಲ್ಕತ್ತಾ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟುವುದಕ್ಕೆ ಮೂವತ್ತು ವರ್ಷ ಮುಂಚೆಯೇ ಈ ಕಾಲೇಜಿಗೆ ಆ ಹಕ್ಕು ದೊರೆತಿತ್ತು. 1845ರಲ್ಲಿ ಡೇನಿಷರು ಸೆರಾಂಪುರವನ್ನು ಬ್ರಿಟಿಷರಿಗೆ ಮಾರಿದಾಗ, ಸನ್ನದಿನ ಹಕ್ಕುಗಳು ಉಳಿಯತಕ್ಕದ್ದೆಂದು ಒಪ್ಪಂದದಲ್ಲಿಯೇ ಸೇರಿಸಲಾಯಿತು.

ಎರಡನೆಯ ಮಾದರಿ ಅಲೆಕ್ಸಾಂಡರ್ ಡಫ್ ಅವರದು. ಸ್ಕಾಟ್ಲೆಂಡಿನ ಸಭೆಯಿಂದ ಬಂದ ಡಫ್ 1830ರಲ್ಲಿ ಕಲ್ಕತ್ತಾದಲ್ಲಿ ತಮ್ಮ ಸಂಸ್ಥೆಯನ್ನು ತೆರೆದು, ಇಂಗ್ಲಿಷಿನ ಮೂಲಕವೇ ಉನ್ನತ ವಿದ್ಯೆಯನ್ನು ಕಲಿಸಿದರು. ಬೈಬಲನ್ನು ಆ ವಿದ್ಯೆಯ ಮಧ್ಯದಲ್ಲಿಟ್ಟರು. ಕೃಷ್ಣಮೋಹನ ಬ್ಯಾನರ್ಜಿಯವರಂತಹ ಮೇಧಾವಿಗಳು ಅವರ ಪ್ರಭಾವದಿಂದ ದೀಕ್ಷಾಸ್ನಾನ ಹೊಂದಿದರು. ಬೊಂಬಾಯಿಯಲ್ಲಿ ಜಾನ್ ವಿಲ್ಸನ್, ಮದ್ರಾಸಿನಲ್ಲಿ ಜಾನ್ ಆ್ಯಂಡರ್ಸನ್ ಇದೇ ಹಾದಿಯಲ್ಲಿ ನಡೆದರು.

ಈ ಎರಡು ಮಾದರಿಗಳ ನಡುವೆ ಭಾಷೆಯ ವಿಷಯದಲ್ಲಿ ದೊಡ್ಡ ಅಂತರವಿತ್ತು. ಆದರೆ ಎರಡರಲ್ಲಿಯೂ ಏನನ್ನು ಕಲಿಸಬೇಕು, ಕಲಿತದ್ದನ್ನು ಹೇಗೆ ಅಳೆಯಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ಕಲಿಸುವವರೇ. ಬೋಧನೆ ಮತ್ತು ಪರೀಕ್ಷೆ ಒಂದೇ ಮನೆಯಲ್ಲಿದ್ದವು.

2. 1854ರ ಶಿಕ್ಷಣ ನಿರೂಪ

1853ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದಿನ ನವೀಕರಣ ಪಾರ್ಲಿಮೆಂಟಿನ ಮುಂದೆ ಬಂದಾಗ, ಸಮಿತಿಯ ಎದುರು ಭಾರತದ ಶಿಕ್ಷಣದ ಬಗ್ಗೆ ಸಾಕ್ಷ್ಯ ನುಡಿದವರಲ್ಲಿ ಡಫ್ ಪ್ರಮುಖರಾಗಿದ್ದರು. ಮುಂದಿನ ವರ್ಷ, 1854ರ ಜುಲೈ 19ರಂದು, ನಿಯಂತ್ರಣ ಮಂಡಳಿಯ ಅಧ್ಯಕ್ಷ ಚಾರ್ಲ್ಸ್ ವುಡ್ ಅವರ ಕಾಲದಲ್ಲಿ ಹೊರಟ ನಿರೂಪವು ದೇಶದ ಶಿಕ್ಷಣಕ್ಕೆ ಒಂದು ಸಮಗ್ರ ಕಟ್ಟಳೆಯನ್ನು ಹಾಕಿಕೊಟ್ಟಿತು. ಪ್ರತಿ ಪ್ರಾಂತಕ್ಕೂ ಶಿಕ್ಷಣ ಇಲಾಖೆ, ಖಾಸಗಿ ಸಂಸ್ಥೆಗಳಿಗೆ ಸಹಾಯಧನ, ಮೇಲ್ತುದಿಯಲ್ಲಿ ವಿಶ್ವವಿದ್ಯಾಲಯ ಎಂಬುದು ಅದರ ಸ್ವರೂಪ.

ಮಿಷನ್ ಶಾಲೆಗಳಿಗೆ ಇದು ಹರ್ಷದ ಸುದ್ದಿಯಾಗಿತ್ತು. ಒಳ್ಳೆಯ ಲೌಕಿಕ ಶಿಕ್ಷಣ ಕೊಡುವ ಯಾವುದೇ ಸಂಸ್ಥೆ, ಅದರ ಧರ್ಮಬೋಧನೆ ಏನೇ ಇರಲಿ, ಸಹಾಯಧನಕ್ಕೆ ಅರ್ಹವೆಂದು ನಿರೂಪ ಹೇಳಿತು. ಇನ್‌ಸ್ಪೆಕ್ಟರರು ಧರ್ಮಪಾಠವನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಸರಕಾರಿ ಶಾಲೆಗಳ ಗ್ರಂಥಾಲಯದಲ್ಲಿ ಬೈಬಲ್ ಇರಬಹುದು. ವಿದ್ಯಾರ್ಥಿಗಳು ತಾವಾಗಿ ಕೇಳಿದರೆ ಶಿಕ್ಷಕರು ತರಗತಿಯ ವೇಳೆಯ ಹೊರಗೆ ಉತ್ತರಿಸಬಹುದು ಎಂದೂ ಅದರಲ್ಲಿತ್ತು.

ಆದರೆ ವಿಶ್ವವಿದ್ಯಾಲಯದ ವಿಷಯದಲ್ಲಿ ನಿರೂಪ ಆರಿಸಿಕೊಂಡ ಮಾದರಿಯನ್ನು ಗಮನಿಸಬೇಕು. ಅದು ಆಕ್ಸ್‌ಫರ್ಡಿನದೂ ಅಲ್ಲ, ಎಡಿನ್‌ಬರೋದ್ದೂ ಅಲ್ಲ. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾಲಯದ ಮಾದರಿ ಅದು. ಲಂಡನ್ನಿನಲ್ಲಿ ಧರ್ಮಭೇದವಿಲ್ಲದೆ ಎಲ್ಲರಿಗೂ ತೆರೆದ ಯೂನಿವರ್ಸಿಟಿ ಕಾಲೇಜೂ ಆಂಗ್ಲಿಕನ್ ಸಭೆಯ ಕಿಂಗ್ಸ್ ಕಾಲೇಜೂ ಪರಸ್ಪರ ಎದುರಾಳಿಗಳಾಗಿದ್ದವು. ಅವೆರಡರ ವಿದ್ಯಾರ್ಥಿಗಳಿಗೂ ಪದವಿ ಕೊಡುವುದಕ್ಕೆ, ಸ್ವತಃ ಏನನ್ನೂ ಬೋಧಿಸದ ಒಂದು ಪರೀಕ್ಷಾ ಮಂಡಳಿ ಬೇಕಾಯಿತು. ಅದೇ ಲಂಡನ್ ವಿಶ್ವವಿದ್ಯಾಲಯ. ಧಾರ್ಮಿಕ ಜಗಳವೊಂದಕ್ಕೆ ಕಂಡುಕೊಂಡ ಆಡಳಿತಾತ್ಮಕ ಪರಿಹಾರವು ಹೀಗೆ ಬಹುಧರ್ಮೀಯ ಭಾರತಕ್ಕೆ ಸಿದ್ಧ ಉಡುಪಾಗಿ ಬಂದಿತು. ಪದವಿ ಪರೀಕ್ಷೆಗಳಲ್ಲಿ ಧರ್ಮಶ್ರದ್ಧೆಗೆ ಸಂಬಂಧಿಸಿದ ಯಾವ ವಿಷಯವೂ ಇರಬಾರದೆಂದು ನಿರೂಪ ಸ್ಪಷ್ಟವಾಗಿ ವಿಧಿಸಿತು.

ಇಲ್ಲಿ ನಡೆದುದನ್ನು ಸರಳವಾಗಿ ಹೇಳುವುದಾದರೆ, ಧರ್ಮಬೋಧನೆಗೆ ನಿಷೇಧ ಬೀಳಲಿಲ್ಲ. ಅದಕ್ಕೆ ಅಂಕ ಇಲ್ಲದಂತಾಯಿತು. ಕಾಲೇಜಿನಲ್ಲಿ ಬೈಬಲ್ ತರಗತಿ ಮುಂದುವರಿಯಬಹುದಾಗಿತ್ತು. ಆದರೆ ವಿದ್ಯಾರ್ಥಿಯ ಭವಿಷ್ಯವನ್ನು ತೀರ್ಮಾನಿಸುವ ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಸಹಾಯಧನದ ಬಾಗಿಲು ತೆರೆದ ಸಂತೋಷದಲ್ಲಿ ಈ ಎರಡನೆಯ ಮಾತಿನ ತೂಕ ಅನೇಕರಿಗೆ ಕೂಡಲೇ ತಿಳಿಯಲಿಲ್ಲ.

3. ಪರೀಕ್ಷೆಯ ಆಳ್ವಿಕೆ

1857ರಲ್ಲಿ ಮೂರು ವಿಶ್ವವಿದ್ಯಾಲಯಗಳು ಕಾಯಿದೆಯ ಮೂಲಕ ಅಸ್ತಿತ್ವಕ್ಕೆ ಬಂದವು: ಜನವರಿಯಲ್ಲಿ ಕಲ್ಕತ್ತಾ, ಜುಲೈಯಲ್ಲಿ ಬೊಂಬಾಯಿ, ಸೆಪ್ಟೆಂಬರಿನಲ್ಲಿ ಮದ್ರಾಸು. ಸಿಪಾಯಿ ದಂಗೆಯ ಹೊಗೆಯ ನಡುವೆಯೇ ಈ ಕಟ್ಟಡ ಎದ್ದಿತು. ಅವುಗಳಿಗೆ ತರಗತಿಗಳಿರಲಿಲ್ಲ, ಬೋಧಕರಿರಲಿಲ್ಲ. ಸೆನೆಟ್, ರಿಜಿಸ್ಟ್ರಾರ್, ಪರೀಕ್ಷಕರು ಇದ್ದರು. 1858ರಲ್ಲಿ ಕಲ್ಕತ್ತಾದ ಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸ್ ಇಬ್ಬರೇ. ಆದರೆ ಸರಕಾರಿ ನೌಕರಿಗೂ ವಕೀಲಿಗೂ ಪದವಿ ಮೆಟ್ಟಿಲಾದ ಮೇಲೆ ಸಂಖ್ಯೆ ಬೆಳೆಯಿತು. ಅದರೊಂದಿಗೆ ಸಂಯೋಜಿತ ಕಾಲೇಜುಗಳೂ ಬೆಳೆದವು.

ಸೆರಾಂಪುರ ಕಾಲೇಜು ಕೂಡ ತನ್ನ ಸನ್ನದನ್ನು ಪೆಟ್ಟಿಗೆಯಲ್ಲಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಸಂಯೋಜನೆಗೆ ಸೇರಿತು. ಪದವಿ ಕೊಡುವ ಹಕ್ಕಿದ್ದ ಸಂಸ್ಥೆಯೊಂದು ಪದವಿಗಾಗಿ ಇನ್ನೊಂದರ ಬಾಗಿಲಲ್ಲಿ ನಿಂತಿತು. ಇದನ್ನು ಕೇವಲ ದೌರ್ಬಲ್ಯವೆನ್ನಲಾಗದು. ಸೆರಾಂಪುರದ ಹೆಸರಿನಲ್ಲಿ ಬಿ.ಎ. ಪಡೆದವನಿಗೆ ಕಲ್ಕತ್ತಾದಲ್ಲಿ ಕೆಲಸ ಯಾರು ಕೊಡುತ್ತಿದ್ದರು? ರಚನೆಯೊಂದು ದೇಶವ್ಯಾಪಿಯಾದಾಗ ಅದರ ಹೊರಗೆ ನಿಲ್ಲುವ ಸ್ವಾತಂತ್ರ್ಯದ ಬೆಲೆ ಬಹಳ ಹೆಚ್ಚು.

ಮದ್ರಾಸಿನಲ್ಲಿ ವಿಲಿಯಂ ಮಿಲ್ಲರ್ ಈ ಹೊಸ ಸ್ಥಿತಿಗೆ ಒಂದು ದೇವಶಾಸ್ತ್ರೀಯ ಸಮರ್ಥನೆಯನ್ನು ರೂಪಿಸಿದರು. 1862ರಲ್ಲಿ ಬಂದ ಅವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜನ್ನು ದಕ್ಷಿಣ ಭಾರತದ ಅಗ್ರ ವಿದ್ಯಾಸಂಸ್ಥೆಗಳಲ್ಲೊಂದಾಗಿ ಬೆಳೆಸಿದರು. ಅವರ ದೃಷ್ಟಿಯಲ್ಲಿ ಕ್ರೈಸ್ತ ಕಾಲೇಜಿನ ಗುರಿ ನೇರ ಮತಾಂತರವಲ್ಲ. ಕ್ರೈಸ್ತ ವಿಚಾರವೂ ಮೌಲ್ಯವೂ ಸಮಾಜದಲ್ಲಿ ಹರಡುವಂತೆ ಮಾಡಿ ನೆಲವನ್ನು ಹದಗೊಳಿಸುವುದು. ಆ ಮಾತಿನಲ್ಲಿ ಸತ್ಯಾಂಶ ಬಹಳವಿದೆ. ಆದರೆ ಡಫ್ ಅವರ ಕಾಲದ ನಿರೀಕ್ಷೆಯಿಂದ ಮಿಲ್ಲರ್ ಅವರ ನಿರೀಕ್ಷೆಯವರೆಗಿನ ಬದಲಾವಣೆಗೆ ದೇವಶಾಸ್ತ್ರದ ಚಿಂತನೆ ಮಾತ್ರ ಕಾರಣವಲ್ಲ, ಪರೀಕ್ಷಾ ವ್ಯವಸ್ಥೆಯ ಒತ್ತಡವೂ ಕಾರಣ ಎಂಬುದನ್ನು ಚರಿತ್ರೆಕಾರರು ಮರೆಯಲಾಗದು. ಪಠ್ಯದ ಒಳಗೆ ಸ್ಥಳ ಇಲ್ಲದಿದ್ದುದು ವಾತಾವರಣದಲ್ಲಿ ತನ್ನ ಸ್ಥಳವನ್ನು ಹುಡುಕಿಕೊಳ್ಳಬೇಕಾಯಿತು.

1882ರ ಹಂಟರ್ ಆಯೋಗದಲ್ಲಿ ಮಿಲ್ಲರ್ ಅವರೂ ಸದಸ್ಯರಾಗಿದ್ದರು. ಸರಕಾರವು ಉನ್ನತ ಶಿಕ್ಷಣವನ್ನು ಕ್ರಮೇಣ ಖಾಸಗಿಯವರಿಗೆ ಬಿಡಬೇಕೆಂದು ಸೂಚಿಸಿದ ಆಯೋಗ, ಅದು ಮಿಷನರಿಗಳ ಕೈಗೆ ಹೋಗಬಾರದು, ದೇಶೀಯರ ಪ್ರಯತ್ನ ಬೆಳೆಯಬೇಕು ಎಂಬ ಎಚ್ಚರಿಕೆಯನ್ನೂ ನೀಡಿತು. 1904ರ ವಿಶ್ವವಿದ್ಯಾಲಯ ಕಾಯಿದೆಯು ಸಂಯೋಜನೆಯ ಷರತ್ತುಗಳನ್ನು ಬಿಗಿಗೊಳಿಸಿ, ಕಾಲೇಜುಗಳ ತಪಾಸಣೆಯನ್ನು ಕಡ್ಡಾಯ ಮಾಡಿತು. ಮಿಷನ್ ಕಾಲೇಜು ಈಗ ಪಠ್ಯ, ಪರೀಕ್ಷೆ, ಕಟ್ಟಡ, ಪ್ರಯೋಗಾಲಯ ಎಲ್ಲದರಲ್ಲಿಯೂ ವಿಶ್ವವಿದ್ಯಾಲಯಕ್ಕೆ ಲೆಕ್ಕ ಒಪ್ಪಿಸಬೇಕಾಯಿತು.

ಕನ್ನಡ ನಾಡಿನ ಚರಿತ್ರೆ ಇದಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಆಗ ಕನ್ನಡಿಗರು ಎರಡು ವಿಶ್ವವಿದ್ಯಾಲಯಗಳ ನಡುವೆ ಹಂಚಿಹೋಗಿದ್ದರು. ಮಂಗಳೂರು, ಬಳ್ಳಾರಿ ಹಾಗೂ ಮೈಸೂರು ಸಂಸ್ಥಾನದ ಕಾಲೇಜುಗಳು ಮದ್ರಾಸಿಗೆ, ಧಾರವಾಡ ಬೆಳಗಾವಿಗಳು ಬೊಂಬಾಯಿಗೆ ಸೇರಿದ್ದವು. ಇದೇ ಕಾಲದಲ್ಲಿ ಬಾಸೆಲ್ ಮಿಷನ್ ಕನ್ನಡದಲ್ಲಿ ಮಾಡಿದ ಕೆಲಸವನ್ನು ನೆನೆಯಿರಿ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇವು ಯಾವ ಪದವಿ ಪರೀಕ್ಷೆಗಾಗಿಯೂ ಹುಟ್ಟಿದ ಗ್ರಂಥಗಳಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಸಭೆಯು ಕನ್ನಡಕ್ಕೆ ಕೊಟ್ಟ ಶ್ರೇಷ್ಠ ವಿದ್ವತ್ತು ಸಂಯೋಜಿತ ಕಾಲೇಜಿನ ಹೊರಗೆ, ಸೆಮಿನರಿಯ, ಮುದ್ರಣಾಲಯದ, ಹಳ್ಳಿಯ ಸಂಚಾರದ ನಡುವೆ ಬೆಳೆಯಿತು. ಸೆರಾಂಪುರದ ಮೂವರು ಕಂಡಿದ್ದ ಕನಸಿಗೆ ಇದು ಹೆಚ್ಚು ಹತ್ತಿರವಾಗಿತ್ತು.

4. ಸನ್ನದು ಮತ್ತೆ ಜೀವ ಪಡೆದುದು

ಸೆರಾಂಪುರದ ಕಲಾ ವಿಭಾಗ 1883ರಲ್ಲಿ ಮುಚ್ಚಿ, ಅದು ಕೆಲಕಾಲ ಸಭಾಸೇವಕರ ತರಬೇತಿ ಶಾಲೆಯಾಗಿ ಉಳಿಯಿತು. ಜಾರ್ಜ್ ಹೌವೆಲ್ಸ್ ಅವರ ಕಾಲದಲ್ಲಿ, 1910ರ ಸುಮಾರಿಗೆ, ಹಳೆಯ ಸನ್ನದನ್ನು ಮತ್ತೆ ಬಳಕೆಗೆ ತರಲಾಯಿತು. 1915ರಲ್ಲಿ ಮೊದಲ ಬಿ.ಡಿ. ಪದವಿಗಳನ್ನು ಪ್ರದಾನಮಾಡಲಾಯಿತು. 1918ರ ಬಂಗಾಳದ ಸೆರಾಂಪುರ ಕಾಲೇಜು ಕಾಯಿದೆಯು ಸನ್ನದಿಗೆ ಹೊಸ ರೂಪ ಕೊಟ್ಟು, ವಿವಿಧ ಸಭೆಗಳ ಪ್ರತಿನಿಧಿಗಳಿರುವ ಸೆನೆಟನ್ನು ಸ್ಥಾಪಿಸಿತು. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾಗಿದ್ದ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನಂತಹ ಸಂಸ್ಥೆಗಳು ಈ ಪದವಿಯ ಆಸರೆಯಲ್ಲಿ ಬೆಳೆದವು. ಸಭೆಗಳು ಪ್ರತ್ಯೇಕವಾಗಿದ್ದ ಕಾಲದಲ್ಲಿ ಬ್ಯಾಪ್ಟಿಸ್ಟರೂ ಮೆಥೋಡಿಸ್ಟರೂ ಪ್ರೆಸ್ಬಿಟೇರಿಯನ್ನರೂ ಆಂಗ್ಲಿಕನ್ನರೂ ಒಂದೇ ಪಠ್ಯಕ್ರಮದ ಸುತ್ತ ಕೂಡಿದರು. 1947ರ ದಕ್ಷಿಣ ಇಂಡಿಯಾ ಸಭೆಯ ಐಕ್ಯಕ್ಕೆ ನೆಲ ಹದಗೊಳಿಸಿದವುಗಳಲ್ಲಿ ಇದೂ ಒಂದೆಂದು ನಾವು ಕೃತಜ್ಞತೆಯಿಂದ ಹೇಳಬಹುದು.

ಆದರೆ ಈ ವಿಜಯದ ಒಳಗೆ ಎರಡು ಮಿತಿಗಳಿದ್ದವು. ಮೊದಲನೆಯದು, ದೇವಶಾಸ್ತ್ರಕ್ಕೆ ಪದವಿ ದೊರೆತರೂ ಅದು ರಾಷ್ಟ್ರದ ವಿದ್ಯಾಮಂಟಪದ ಹೊರಗೆ ನಿಂತಿತು. ತತ್ವಶಾಸ್ತ್ರ, ಚರಿತ್ರೆ, ಸಮಾಜಶಾಸ್ತ್ರಗಳೊಡನೆ ನಿತ್ಯ ಮಾತುಕತೆ ನಡೆಸುವ ಅವಕಾಶ ಅದಕ್ಕೆ ತಪ್ಪಿತು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ದೇವಶಾಸ್ತ್ರದ ಬೋಧನಾಂಗವು ಇತರ ಬೋಧನಾಂಗಗಳ ಪಕ್ಕದಲ್ಲಿಯೇ ಉಳಿದುದರಿಂದ ಎರಡೂ ಒಂದನ್ನೊಂದು ತಿದ್ದಿದವು. ನಮ್ಮಲ್ಲಿ ಗೋಡೆ ಬೆಳೆಯಿತು. ಎರಡನೆಯದು, ಸೆನೆಟ್ ತನ್ನ ಕೆಲಸಕ್ಕೆ ಆರಿಸಿಕೊಂಡ ವಿಧಾನ 1857ರದ್ದೇ ಆಗಿತ್ತು: ಕೇಂದ್ರದಲ್ಲಿ ಪಠ್ಯಕ್ರಮ, ಕೇಂದ್ರದಲ್ಲಿ ಪ್ರಶ್ನೆಪತ್ರಿಕೆ, ದೂರದ ಕಾಲೇಜುಗಳಲ್ಲಿ ಅದಕ್ಕೆ ಸಿದ್ಧತೆ. ಉನ್ನತ ಪದವಿಯ ಭಾಷೆ ಇಂಗ್ಲಿಷಾಯಿತು. ದೇಶಭಾಷೆಗೆ ಕೆಳಹಂತದ ಪಾಠಕ್ರಮಗಳು ಉಳಿದವು. ಯಾವ ವ್ಯವಸ್ಥೆ ದೇವಶಾಸ್ತ್ರವನ್ನು ಹೊರಗಿಟ್ಟಿತ್ತೋ ಅದೇ ವ್ಯವಸ್ಥೆಯ ಅಚ್ಚಿನಲ್ಲಿ ನಾವು ನಮ್ಮ ದೇವಶಾಸ್ತ್ರದ ಶಿಕ್ಷಣವನ್ನು ಎರಕ ಹೊಯ್ದೆವು.

5. ಮೂರು ಆಯೋಗಗಳ ಸಾಕ್ಷ್ಯ

ಸಂಯೋಜನಾ ವ್ಯವಸ್ಥೆಯ ದೋಷಗಳು ಹೊಸದಾಗಿ ಕಂಡವುಗಳಲ್ಲ. 1917ರಿಂದ 1919ರವರೆಗೆ ಮೈಕೇಲ್ ಸ್ಯಾಡ್ಲರ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗವು, ವಿಶ್ವವಿದ್ಯಾಲಯವು ಬೋಧಿಸುವ, ವಿದ್ಯಾರ್ಥಿಗಳು ಜೊತೆಯಲ್ಲಿ ವಾಸಿಸುವ ಸ್ಥಳವಾಗಬೇಕೆಂದು ಹೇಳಿತು. ಇಂಟರ್‌ಮೀಡಿಯೆಟ್ ಹಂತವನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಬೇಕು, ಪದವಿಗೆ ಮೂರು ವರ್ಷ ಇರಬೇಕು ಎಂಬ ಸಲಹೆಗಳೂ ಅದರಲ್ಲಿದ್ದವು. 1921ರಲ್ಲಿ ಢಾಕಾ ವಿಶ್ವವಿದ್ಯಾಲಯ ಈ ಮಾದರಿಯಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ, 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯವು ಬ್ರಿಟಿಷ್ ಪ್ರಾಂತಗಳ ಹೊರಗೆ ಹುಟ್ಟಿದ ಮೊದಲ ವಿಶ್ವವಿದ್ಯಾಲಯವಾಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜಾ ಕಾಲೇಜುಗಳನ್ನು ಮದ್ರಾಸಿನ ಹಿಡಿತದಿಂದ ಬಿಡಿಸಿತ್ತು.

ಎರಡನೆಯ ಸಾಕ್ಷ್ಯ ಸಭೆಯ ಒಳಗಿನಿಂದಲೇ ಬಂದಿತು. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಎ. ಡಿ. ಲಿಂಡ್ಸೆ ಅವರ ಅಧ್ಯಕ್ಷತೆಯ ಆಯೋಗವು ಭಾರತದ ಕ್ರೈಸ್ತ ಕಾಲೇಜುಗಳನ್ನು ಸಂದರ್ಶಿಸಿ 1931ರಲ್ಲಿ ವರದಿ ನೀಡಿತು. ನಮ್ಮ ಕಾಲೇಜುಗಳ ಬಗ್ಗೆ ನಾವೇ ಬರೆಸಿಕೊಂಡ ವರದಿಗಳಲ್ಲಿ ಇಷ್ಟು ನಿಷ್ಠುರವಾದುದು ಇನ್ನೊಂದಿಲ್ಲ. ವಿದ್ಯಾರ್ಥಿಗಳಲ್ಲಿ ಬಹುಪಾಲು, ಅಧ್ಯಾಪಕರಲ್ಲಿ ದೊಡ್ಡ ಪಾಲು ಕ್ರೈಸ್ತೇತರರಾಗಿದ್ದುದನ್ನು ಅದು ಗುರುತಿಸಿತು. ಆದರೆ ಅದರ ಮುಖ್ಯ ಆಕ್ಷೇಪ ಸಂಖ್ಯೆಯ ಬಗ್ಗೆ ಆಗಿರಲಿಲ್ಲ. ಪರೀಕ್ಷೆಗೆ ಕಟ್ಟುಬಿದ್ದ ಬೋಧನೆಯಲ್ಲಿ ಕ್ರೈಸ್ತ ಕಾಲೇಜು ತನ್ನದೇ ಆದ ಮಾತನ್ನು ಹೇಳಲಾರದಂತಾಗಿದೆ ಎಂಬುದು ಅದರ ನೋವು. ಪ್ರತಿ ಕಾಲೇಜೂ ಸುತ್ತಲಿನ ಹಳ್ಳಿಗಳ, ಸಭೆಗಳ ನಿಜವಾದ ಸಮಸ್ಯೆಗಳನ್ನು ಅಧ್ಯಯನ ಮಾಡುವ ಸಂಶೋಧನಾ ವಿಭಾಗವನ್ನೂ ಆ ಜ್ಞಾನವನ್ನು ಜನರಿಗೆ ಮುಟ್ಟಿಸುವ ವಿಸ್ತರಣಾ ವಿಭಾಗವನ್ನೂ ಕಟ್ಟಬೇಕು. ಕಾಲೇಜುಗಳು ಕಡಿಮೆಯಾಗಲಿ, ಗಟ್ಟಿಯಾಗಲಿ. ಆಡಳಿತ ಭಾರತೀಯರ ಕೈಗೆ ಬರಲಿ ಎಂದು ಅದು ಸಲಹೆ ನೀಡಿತು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಮಿಷನ್ ಮಂಡಳಿಗಳಿಗೆ ಹಣದ ಅಭಾವವಿತ್ತು. ಸಲಹೆಗಳಲ್ಲಿ ಬಹಳಷ್ಟು ಕಾಗದದ ಮೇಲೆ ಉಳಿದವು.

ಮೂರನೆಯದು ಸ್ವತಂತ್ರ ಭಾರತದ ಮೊದಲ ಶಿಕ್ಷಣ ಆಯೋಗ. 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದ ಸರ್ವಪಲ್ಲಿ ರಾಧಾಕೃಷ್ಣನ್ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎ. ಜಿ. ಹಾಗ್ ಅವರ ಶಿಷ್ಯರಾಗಿದ್ದವರು. ಅಲ್ಲಿ ಕೇಳಿದ ಕ್ರೈಸ್ತ ವಿಮರ್ಶೆಯೇ ತಮ್ಮನ್ನು ವೇದಾಂತದ ಆಳವಾದ ಅಧ್ಯಯನಕ್ಕೆ ಎಳೆಯಿತೆಂದು ಅವರು ಹೇಳಿಕೊಂಡಿದ್ದಾರೆ. ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸುವುದಾದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಬೇಕೆಂಬುದು ಅವರ ಆಯೋಗದ ತೀರ್ಮಾನವಾಗಿತ್ತು. ಧರ್ಮಶಿಕ್ಷಣದ ಬಗ್ಗೆಯೂ ಅದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. ದಿನವೂ ಕೆಲವು ನಿಮಿಷ ಮೌನಧ್ಯಾನ, ಮೊದಲ ವರ್ಷ ಧರ್ಮಗುರುಗಳ ಜೀವನ, ಎರಡನೆಯ ವರ್ಷ ಧರ್ಮಗ್ರಂಥಗಳಿಂದ ಆಯ್ದ ಭಾಗಗಳು, ಮೂರನೆಯ ವರ್ಷ ಧರ್ಮದ ತಾತ್ವಿಕ ಸಮಸ್ಯೆಗಳು ಎಂಬ ಕ್ರಮವನ್ನು ಅದು ಮುಂದಿಟ್ಟಿತು. 1854ರ ನಿರೂಪ ಪರೀಕ್ಷೆಯಿಂದ ಹೊರಗಟ್ಟಿದ್ದ ವಿಷಯಕ್ಕೆ, ಕ್ರೈಸ್ತ ಕಾಲೇಜಿನಲ್ಲಿ ಓದಿದ ಹಿಂದೂ ತತ್ವಜ್ಞಾನಿಯೊಬ್ಬರ ಅಧ್ಯಕ್ಷತೆಯಲ್ಲಿ ಮತ್ತೆ ಸ್ಥಾನ ಕೇಳಿಬಂದುದು ಗಮನಾರ್ಹ. ಆದರೆ ಆ ಅಧ್ಯಾಯ ಜಾರಿಗೆ ಬರಲಿಲ್ಲ. ಸಂಪೂರ್ಣವಾಗಿ ರಾಜ್ಯದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆಗೆ ಸಂವಿಧಾನದ 28ನೆಯ ವಿಧಿ ಅವಕಾಶ ಕೊಡುವುದಿಲ್ಲ. ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಗಳಲ್ಲಿಯೂ ಒಪ್ಪಿಗೆಯಿಲ್ಲದೆ ಯಾರನ್ನೂ ಅದರಲ್ಲಿ ಭಾಗವಹಿಸುವಂತೆ ಒತ್ತಾಯಿಸಬಾರದು. ಇದು ನ್ಯಾಯವಾದ ಷರತ್ತೆಂದೇ ನಾವು ಒಪ್ಪಬೇಕು. ಒತ್ತಾಯದಿಂದ ಕೇಳಿಸಿದ ಸುವಾರ್ತೆ ಸುವಾರ್ತೆಯಾಗಿ ಉಳಿಯುವುದಿಲ್ಲ.

6. ಸ್ವಾಯತ್ತತೆಯ ಕಾಲ

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತು. ಆದರೆ ಸಂಯೋಜನೆಯ ಷರತ್ತುಗಳ ಮೂಲಕ ಆ ಹಕ್ಕನ್ನು ಎಷ್ಟರ ಮಟ್ಟಿಗೆ ಮೊಟಕುಗೊಳಿಸಬಹುದು? ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1974ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಸಂಯೋಜನೆ ಪಡೆಯುವುದು ಮೂಲಭೂತ ಹಕ್ಕಲ್ಲ. ಆದರೆ ಸಂಯೋಜನೆಯ ಬೆಲೆಯಾಗಿ ಆಡಳಿತದ ಹಕ್ಕನ್ನು ಬಿಟ್ಟುಕೊಡುವಂತೆ ಕೇಳಲಾಗದು ಎಂಬುದು ಅದರ ತೀರ್ಪಿನ ಸಾರ. ಕಾಲೇಜನ್ನು ಯಾರು ನಡೆಸಬೇಕೆಂಬ ಪ್ರಶ್ನೆಗೆ ಹೀಗೆ ರಕ್ಷಣೆ ದೊರೆಯಿತು. ಕಾಲೇಜು ಏನನ್ನು ಕಲಿಸಬೇಕೆಂಬ ಪ್ರಶ್ನೆ ವಿಶ್ವವಿದ್ಯಾಲಯದ ಬಳಿಯಲ್ಲಿಯೇ ಉಳಿಯಿತು.

ಇದಕ್ಕೆ ಉತ್ತರವನ್ನು 1964–66ರ ಕೊಠಾರಿ ಆಯೋಗ ಸೂಚಿಸಿತ್ತು: ಸಮರ್ಥ ಕಾಲೇಜುಗಳಿಗೆ ಪಠ್ಯಕ್ರಮ ಮತ್ತು ಪರೀಕ್ಷೆಯ ಸ್ವಾತಂತ್ರ್ಯ ಕೊಡಿ, ಪದವಿಯನ್ನು ಮಾತ್ರ ವಿಶ್ವವಿದ್ಯಾಲಯ ನೀಡಲಿ. 1978ರಲ್ಲಿ ತಮಿಳುನಾಡಿನಲ್ಲಿ ಮೊದಲ ಸ್ವಾಯತ್ತ ಕಾಲೇಜುಗಳು ಬಂದಾಗ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಮತ್ತು ಲೊಯೋಲಾ ಕಾಲೇಜು ಆ ಸಾಲಿನಲ್ಲಿದ್ದವು. ಕರ್ನಾಟಕದಲ್ಲಿಯೂ ಆ ಚಲನೆ ಮುಂದುವರಿಯಿತು. 1880ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಅಡಿಯಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿಯೇ ಆ ಸ್ಥಾನ ಪಡೆದಿತ್ತು. 1882ರ ಸೇಂಟ್ ಜೋಸೆಫ್ಸ್ ಕಾಲೇಜು 2022ರಿಂದ ವಿಶ್ವವಿದ್ಯಾಲಯವಾಗಿದೆ. 1857ರಲ್ಲಿ ಕೈಬಿಟ್ಟುಹೋದ ಪರೀಕ್ಷೆಯ ಅಧಿಕಾರ ಹೀಗೆ ಕ್ರೈಸ್ತ ಸಂಸ್ಥೆಗಳ ಕೈಗೆ ಒಂದೊಂದಾಗಿ ಮರಳುತ್ತಿದೆ.

ಈ ಮರಳುವಿಕೆಯನ್ನು ಸಂಭ್ರಮದಿಂದ ಮಾತ್ರ ನೋಡಲಾಗದು. ಸಂಯೋಜನೆಯಲ್ಲಿ ಒಂದು ನ್ಯಾಯವೂ ಇತ್ತು. ಬೀದರಿನ ಹಳ್ಳಿಯೊಂದರ ಸಣ್ಣ ಕಾಲೇಜಿನಲ್ಲಿ ಓದಿದ ದಲಿತ ಕ್ರೈಸ್ತ ಹುಡುಗಿಗೂ ನಗರದ ಶ್ರೀಮಂತ ಕಾಲೇಜಿನ ಹುಡುಗನಿಗೂ ಒಂದೇ ವಿಶ್ವವಿದ್ಯಾಲಯದ ಪದವಿ ದೊರೆಯುತ್ತಿತ್ತು. ಕಾಲೇಜಿನ ಹೆಸರು ಪದವಿಯ ಮೌಲ್ಯವನ್ನು ತೀರ್ಮಾನಿಸುತ್ತಿರಲಿಲ್ಲ. ಸ್ವಾಯತ್ತ ಕಾಲೇಜು ಹೊಸ ಪಾಠಕ್ರಮಗಳನ್ನು ಶುಲ್ಕದ ಬಲದ ಮೇಲೆ ನಡೆಸತೊಡಗಿದರೆ, ಆ ಹುಡುಗಿ ಬಾಗಿಲ ಹೊರಗೆ ನಿಲ್ಲುತ್ತಾಳೆ. 2020ರ ನೀತಿ 2040ರ ಹೊತ್ತಿಗೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯೂ ಬಹುಶಿಸ್ತೀಯವಾಗಿ, 3,000 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೊಂದುವ ಗುರಿಯನ್ನು ಇಟ್ಟಿದೆ. ಸಣ್ಣ ಊರಿನ ಸಣ್ಣ ಕಾಲೇಜು ಆ ಲೆಕ್ಕದಲ್ಲಿ ಎಲ್ಲಿ ಉಳಿಯುತ್ತದೆ ಎಂಬುದು ಸಭೆಯ ಆಡಳಿತಗಾರರು ಉತ್ತರಿಸಬೇಕಾದ ಪ್ರಶ್ನೆ. ಪರೀಕ್ಷೆಯ ದಾಸ್ಯದಿಂದ ಬಿಡುಗಡೆ ಹೊಂದಿ ಮಾರುಕಟ್ಟೆಯ ದಾಸ್ಯಕ್ಕೆ ಒಳಗಾದರೆ ಸುಧಾರಣೆ ಎಂಬ ಮಾತಿಗೆ ಅರ್ಥವಿರುವುದಿಲ್ಲ.

ಉಪಸಂಹಾರ

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ರಾಷ್ಟ್ರದ ವಿಶ್ವವಿದ್ಯಾಲಯಗಳು ಸಂಯೋಜನೆಯನ್ನು ಕೈಬಿಡುವ ಮಾತನಾಡುತ್ತಿರುವಾಗ, ದೇವಶಾಸ್ತ್ರದ ಶಿಕ್ಷಣ ಬಹುಮಟ್ಟಿಗೆ ಸಂಯೋಜನೆಯ ಮೇಲೆಯೇ ನಿಂತಿದೆ. ಕೆಲವು ದೊಡ್ಡ ಸೆಮಿನರಿಗಳು ಸ್ವಾಯತ್ತ ಸ್ಥಾನ ಪಡೆದಿರುವುದು ನಿಜ. ಉಳಿದವುಗಳಲ್ಲಿ, ಬೋಧಕನು ತನ್ನ ಸಭೆಯ ಅಗತ್ಯಕ್ಕೆ ತಕ್ಕಂತೆ ಪಾಠವನ್ನು ಹೊಂದಿಸಲು ಹೊರಟಾಗ, ವರ್ಷಾಂತ್ಯದ ಪ್ರಶ್ನೆಪತ್ರಿಕೆ ಅವನ ಕೈಯನ್ನು ಹಿಡಿದೆಳೆಯುತ್ತದೆ. ಸೆನೆಟಿನ ಏಕರೂಪ ಮಟ್ಟ ನಮಗೆ ಐಕ್ಯವನ್ನೂ ಗೌರವವನ್ನೂ ಕೊಟ್ಟಿದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಲಿಂಡ್ಸೆ ಆಯೋಗ 1931ರಲ್ಲಿ ಕಾಲೇಜುಗಳಿಗೆ ಹೇಳಿದ ಮಾತನ್ನು ಇಂದು ಸೆಮಿನರಿಗಳು ತಮಗೇ ಹೇಳಿಕೊಳ್ಳಬೇಕಾಗಿದೆ.

ಈ ಚರಿತ್ರೆಯಿಂದ ಮೂರು ಕರ್ತವ್ಯಗಳು ಹೊರಡುತ್ತವೆಂದು ನನಗೆ ತೋರುತ್ತದೆ. ಮೊದಲನೆಯದು, ಕಲಿಸುವವನಿಗೆ ಅಳೆಯುವ ಅಧಿಕಾರದಲ್ಲಿ ಹೆಚ್ಚಿನ ಪಾಲು ಸಿಗಬೇಕು. ಸಭೆಯಲ್ಲಿ ಮಾಡಿದ ಪ್ರಸಂಗ, ರೋಗಿಗಳ ಭೇಟಿ, ಹಳ್ಳಿಯಲ್ಲಿ ಸಂಗ್ರಹಿಸಿದ ಸಭಾಚರಿತ್ರೆ ಇವೂ ಅಂಕಕ್ಕೆ ಅರ್ಹವಾಗಬೇಕು. ಎರಡನೆಯದು ಭಾಷೆ. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ 1965ರಲ್ಲಿ ಒಂದಾಗಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ರೂಪುಗೊಂಡಾಗ, ಕನ್ನಡದಲ್ಲಿ ದೇವಶಾಸ್ತ್ರವನ್ನು ಬೆಳೆಸುವ ಹೊಣೆ ಒಂದೇ ಕಡೆ ಸೇರಿತು. ಆ ಹೊಣೆ ಒಂದು ಕಾಲೇಜಿನದಲ್ಲ, ಕನ್ನಡದಲ್ಲಿ ಪ್ರಾರ್ಥಿಸುವ ಎಲ್ಲ ಸಭೆಗಳದು. ಸಭಾಪಾಲಕನು ಭಾನುವಾರ ಮಾತನಾಡುವ ಭಾಷೆಯಲ್ಲಿ ಉನ್ನತ ಸಂಶೋಧನೆ ಮಾಡಿ ಪದವಿ ಪಡೆಯಲಾಗದಿದ್ದರೆ, ಕೇರಿಯವರ ಯೋಜನೆಯನ್ನು ನಾವು ಇನ್ನೂ ಮುಗಿಸಿಲ್ಲ. ಮೂರನೆಯದು, ಗೋಡೆಯ ಆಚೆಗಿನ ಮಾತುಕತೆ. ಮೈಸೂರು ಮತ್ತು ಮದ್ರಾಸು ವಿಶ್ವವಿದ್ಯಾಲಯಗಳಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ವಿಭಾಗಗಳಿವೆ. ಅಲ್ಲಿ ಹಿಂದೂ, ಮುಸ್ಲಿಂ, ಜೈನ, ವೀರಶೈವ ವಿದ್ವಾಂಸರ ಎದುರು ನಮ್ಮ ನಂಬಿಕೆಯನ್ನು ವಿವರಿಸುವ ಶಿಸ್ತನ್ನು ಸೆಮಿನರಿಯ ವಿದ್ಯಾರ್ಥಿ ಕಲಿಯಬೇಕು. ಹೊಸ ಕ್ರೈಸ್ತ ವಿಶ್ವವಿದ್ಯಾಲಯಗಳು ವ್ಯವಹಾರ ಮತ್ತು ಗಣಕ ಶಾಸ್ತ್ರಗಳ ಪಕ್ಕದಲ್ಲಿ ದೇವಶಾಸ್ತ್ರಕ್ಕೂ ಒಂದು ಪೀಠವನ್ನು ಇಡಲು ಮುಂದಾದರೆ, 1854ರಲ್ಲಿ ಎದ್ದ ಗೋಡೆಯಲ್ಲಿ ಒಂದು ಬಾಗಿಲು ತೆರೆದಂತಾಗುತ್ತದೆ.

ದಾವೀದನು ಗೊಲ್ಯಾತನ ಎದುರು ಹೊರಟಾಗ ಸೌಲನು ತನ್ನ ಕವಚವನ್ನು ತೊಡಿಸಿದನು. ಆ ಕವಚ ಕೆಟ್ಟದ್ದಾಗಿರಲಿಲ್ಲ. ಅರಸನಿಗೆ ಅದು ತಕ್ಕದ್ದೇ ಆಗಿತ್ತು. ಕುರುಬನ ಮಗನಿಗೆ ಅದು ಹೊಂದಲಿಲ್ಲ. ಅವನು ಅದನ್ನು ಕಳಚಿಟ್ಟು ತನಗೆ ರೂಢಿಯಿದ್ದ ಕವಣೆಯನ್ನು ಎತ್ತಿಕೊಂಡನು. ಲಂಡನ್ನಿನಲ್ಲಿ ಹೊಲಿದ ಉಡುಪನ್ನು ನಾವು ನೂರಾರು ವರ್ಷ ತೊಟ್ಟುಕೊಂಡಿದ್ದೇವೆ. ಅದು ಚಳಿಯಿಂದ ಕಾಪಾಡಿತು ಎಂಬುದೂ ನಿಜ. ಈಗ ಅದು ಹಳತಾಗಿ ಹರಿಯುತ್ತಿರುವಾಗ, ಇನ್ನೊಬ್ಬರು ಹೊಲಿದು ತರುವ ಹೊಸ ಉಡುಪಿಗಾಗಿ ಕಾಯುವುದೋ ನಮ್ಮ ಸಭೆಯ ಮೈಗೆ ಹೊಂದುವುದನ್ನು ನಾವೇ ಹೊಲಿಯುವುದೋ ಎಂಬುದನ್ನು ನಮ್ಮ ಸೆಮಿನರಿಗಳ ಬೋಧಕ ಮಂಡಳಿಗಳು, ಸಭಾ ಪರಿಷತ್ತುಗಳು ತೀರ್ಮಾನಿಸಬೇಕಾಗಿದೆ. ಅದಕ್ಕೆ ಬೇಕಾದ ಸನ್ನದು ಸೆರಾಂಪುರದಲ್ಲಿ ಸುಮಾರು ಇನ್ನೂರು ವರ್ಷಗಳಿಂದ ನಮ್ಮ ಬಳಿಯೇ ಇದೆ.